ನಗರದ ಮೇಳ: ಬೆಂಗಳೂರಿನ ಸ್ವತಂತ್ರ ಸಂಗೀತ ಮತ್ತು ಅದರ ಕೇಳುಗರು

1. ಪ್ರವೇಶ

ಜಾನಪದ ಅಧ್ಯಯನವೆಂದರೆ ಹಳ್ಳಿಗೆ ಹೋಗುವುದು ಎಂಬ ಭಾವನೆ ನಮ್ಮ ವಿದ್ವತ್ ವಲಯದಲ್ಲಿ ದೀರ್ಘಕಾಲ ಬೇರೂರಿತ್ತು. ಧ್ವನಿಮುದ್ರಣ ಯಂತ್ರವನ್ನು ಹೆಗಲಿಗೇರಿಸಿ, ಬಸ್ಸು ಇಳಿದು ಮೈಲುಗಟ್ಟಲೆ ನಡೆದು, ಕಲಾವಿದರ ಜಗುಲಿಯಲ್ಲಿ ಕಾದು ಕುಳಿತ ಹಿರಿಯರ ಶ್ರಮದಿಂದಲೇ ಮಲೆಯ ಮಾದೇಶ್ವರ, ಮಂಟೇಸ್ವಾಮಿ, ಜುಂಜಪ್ಪ ಮೊದಲಾದ ಕಾವ್ಯಗಳು ಅಚ್ಚಿನ ರೂಪ ಪಡೆದವು. ಪ್ರಸ್ತುತ ಲೇಖಕನೂ ಅದೇ ದಾರಿಯಲ್ಲಿ ಬಂದವನು. ಕಂಸಾಳೆಯ ಗುಡ್ಡರ ಹಿಂದೆ ಜಾತ್ರೆಯಿಂದ ಜಾತ್ರೆಗೆ ತಿರುಗಿ ಸಂಶೋಧನೆ ಪೂರೈಸಿದವನು. ಆದರೆ ಕ್ಷೇತ್ರಕಾರ್ಯ ಮುಗಿಸಿ ಬೆಂಗಳೂರಿಗೆ ಮರಳಿದಾಗಲೆಲ್ಲ ಒಂದು ಪ್ರಶ್ನೆ ಕಾಡುತ್ತಿತ್ತು. ಜನಸಂಖ್ಯೆ ಕೋಟಿ ದಾಟಿದ ಈ ನಗರದಲ್ಲಿ ಹಾಡು ಕಟ್ಟುವವರೂ, ಆ ಹಾಡನ್ನು ಕೇಳಲೆಂದೇ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವವರೂ ಇಲ್ಲವೇ? ಇದ್ದರೆ ಅವರನ್ನು ಅಧ್ಯಯನ ಮಾಡಬೇಕಾದವರು ಯಾರು?

ಯಾವುದಾದರೊಂದು ಸಮಾನ ಅಂಶದಿಂದ ಬೆಸೆದುಕೊಂಡ ಯಾವ ಗುಂಪನ್ನಾದರೂ 'ಜನಪದ'ವೆಂದು ಪರಿಗಣಿಸಬಹುದು ಎಂದು ಅಮೆರಿಕದ ವಿದ್ವಾಂಸ ಅಲನ್ ಡಂಡೆಸ್ ವಾದಿಸಿದ್ದರು. ಡ್ಯಾನ್ ಬೆನ್-ಅಮೋಸ್ ಅವರು 1971ರಲ್ಲಿ ಜಾನಪದವನ್ನು ಸಣ್ಣ ಗುಂಪುಗಳೊಳಗೆ ನಡೆಯುವ ಕಲಾತ್ಮಕ ಸಂವಹನವೆಂದು ನಿರೂಪಿಸಿದರು. ಈ ನಿರೂಪಣೆಗಳನ್ನು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಆದರೆ ಮನೆಯಿಂದ ನಾಲ್ಕು ನಿಲ್ದಾಣ ಆಚೆಗಿರುವ ಗುಂಪಿಗೆ ಅನ್ವಯಿಸಿ ನೋಡಿದ್ದು ಕಡಿಮೆ.

ಪ್ರಸ್ತುತ ಲೇಖನದಲ್ಲಿ 'ಸ್ವತಂತ್ರ ಸಂಗೀತ' ಎಂಬ ಮಾತನ್ನು ಸೀಮಿತ ಅರ್ಥದಲ್ಲಿ ಬಳಸಲಾಗಿದೆ. ಚಲನಚಿತ್ರದ ಸನ್ನಿವೇಶಕ್ಕಾಗಿ ಬರೆಯದ, ಕಲಾವಿದರೇ ರಚಿಸಿ, ಬಹುಮಟ್ಟಿಗೆ ತಮ್ಮದೇ ಖರ್ಚಿನಲ್ಲಿ ಮುದ್ರಿಸಿ, ಜನರ ಎದುರು ನಿಂತು ನುಡಿಸುವ ಹಾಡು ಎಂಬುದು ಆ ಅರ್ಥ. ಈ ಸಂಗೀತದ ಜೀವಾಳವಿರುವುದು ಪ್ರದರ್ಶನದ ಜಾಗ ಮತ್ತು ಅಲ್ಲಿಗೆ ಮತ್ತೆ ಮತ್ತೆ ಬರುವ ಕೇಳುಗ, ಇವೆರಡರ ನಡುವಿನ ಸಂಬಂಧದಲ್ಲಿ. ಆ ಜಾಗಗಳು ಒಂದೊಂದಾಗಿ ಮುಚ್ಚಿದಾಗ ಹಾಡುಗಳ ಜೊತೆಗೆ ಅವುಗಳ ನೆನಪೂ ಅಳಿಯುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

2. ಹಿನ್ನೆಲೆ: ದಂಡು ಮತ್ತು ಪೇಟೆ

ಬೆಂಗಳೂರಿನ ಸಂಗೀತ ಪರಂಪರೆಗೆ ಎರಡು ಮೂಲಗಳಿವೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಗೊಂಡ ಮೇಲೆ ಪಡೆಗಳ ವಾದ್ಯವೃಂದ, ಚರ್ಚಿನ ಸಮೂಹಗಾನ, ಆಂಗ್ಲೋ-ಇಂಡಿಯನ್ ಸಮುದಾಯದ ನೃತ್ಯಕೂಟಗಳ ಸಂಗೀತ ದಂಡು ಪ್ರದೇಶದಲ್ಲಿ ಬೆಳೆದವು. ಕಬ್ಬನ್ ಉದ್ಯಾನದ ವಾದ್ಯಮಂಟಪ ಆ ಕಾಲದ ಉಳಿದ ಕುರುಹು. ಸ್ವಾತಂತ್ರ್ಯಾನಂತರ ಈ ಪ್ರದೇಶದ ಕಾಲೇಜುಗಳಲ್ಲಿ ಗಿಟಾರ್ ಹಿಡಿದ ತರುಣರ ತಂಡಗಳು ಹುಟ್ಟಿಕೊಂಡವು. 1970ರ ದಶಕದ 'ಹ್ಯೂಮನ್ ಬಾಂಡೇಜ್' ತಂಡದ ಹೆಸರನ್ನು ಹಳಬರು ಇಂದಿಗೂ ನೆನೆಯುತ್ತಾರೆ.

ಇನ್ನೊಂದು ಮೂಲ ಪೇಟೆಯದು ಮತ್ತು ಹಳೆಯ ಬಡಾವಣೆಗಳದು. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವ, ಬಸವನಗುಡಿಯಲ್ಲಿ 1962ರಿಂದ ನಡೆದುಬಂದಿರುವ ಬೆಂಗಳೂರು ಗಣೇಶ ಉತ್ಸವ, ಬೀದಿಬೀದಿಯ ಅಣ್ಣಮ್ಮ ಉತ್ಸವ, ನವೆಂಬರ್ ತಿಂಗಳ ರಾಜ್ಯೋತ್ಸವ, ಇವೆಲ್ಲವೂ ಬಯಲಲ್ಲಿ ಪೆಂಡಾಲು ಹಾಕಿ ಹಾಡು ಕೇಳುವ ಸಂಸ್ಕೃತಿಯನ್ನು ರೂಢಿಸಿದವು. ಬಡಾವಣೆಯ 'ಆರ್ಕೆಸ್ಟ್ರಾ' ಇದರ ಜನಪ್ರಿಯ ರೂಪ. ರಸ್ತೆಗೆ ಅಡ್ಡಲಾಗಿ ಕಟ್ಟಿದ ವೇದಿಕೆಯ ಮೇಲೆ ಚಲನಚಿತ್ರಗೀತೆ ಹಾಡುವ ಈ ತಂಡಗಳನ್ನು ಕೇಳಿ ಬೆಳೆಯದ ಬೆಂಗಳೂರಿಗರು ವಿರಳ.

ಈ ಎರಡು ಲೋಕಗಳ ನಡುವೆ ಭಾಷೆಯ ಮತ್ತು ವರ್ಗದ ಗೋಡೆಯಿತ್ತು ಎಂಬುದನ್ನು ಮರೆಮಾಚಬಾರದು. ಸ್ವತಂತ್ರ ಸಂಗೀತವೆಂದು ಇಂದು ಗುರುತಿಸುವ ಚಟುವಟಿಕೆ ಮೊದಲ ಹಂತದಲ್ಲಿ ದಂಡು ಪ್ರದೇಶದ ಇಂಗ್ಲಿಷ್ ಬಲ್ಲವರ ಕೂಸು. 1996 ಇಲ್ಲಿ ಮುಖ್ಯವಾದ ವರ್ಷ. 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡ ರೂಪುಗೊಂಡದ್ದು ಆ ವರ್ಷ. ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ನಡೆಯುವ 'ಫ್ರೀಡಂ ಜಾಮ್' ಆರಂಭವಾದದ್ದೂ ಅದೇ ವರ್ಷ. ಈ ಕೂಟದಲ್ಲಿ ಪ್ರವೇಶಶುಲ್ಕವಿಲ್ಲ, ನುಡಿಸುವವರಿಗೆ ಸಂಭಾವನೆಯೂ ಇಲ್ಲ. ಹೊಸಬರೂ ಹಳಬರೂ ಒಂದೇ ವೇದಿಕೆಯನ್ನು ಹಂಚಿಕೊಳ್ಳುತ್ತಾರೆ. ಹರಕೆಯ ಸೇವೆಯೆಂದು ಜಾತ್ರೆಯಲ್ಲಿ ಹಾಡುವವರನ್ನು ಕಂಡ ನನ್ನಂಥವನಿಗೆ ಈ ವ್ಯವಸ್ಥೆ ಅಪರಿಚಿತವೆನಿಸಲಿಲ್ಲ.

3. ಮೇಳ ಕಟ್ಟುವ ಬಗೆ

2007ರಲ್ಲಿ ಅರಮನೆ ಮೈದಾನದಲ್ಲಿ 'ಐರನ್ ಮೇಡನ್', 2011ರಲ್ಲಿ ಅಲ್ಲಿಯೇ 'ಮೆಟಾಲಿಕಾ' ತಂಡಗಳು ನುಡಿಸಿದಾಗ ಇಡೀ ದೇಶದಿಂದ ಜನ ಸೇರಿದರು. ಪತ್ರಿಕೆಗಳು ಬೆಂಗಳೂರನ್ನು ರಾಕ್ ಸಂಗೀತದ ರಾಜಧಾನಿಯೆಂದು ಬಣ್ಣಿಸಿದವು. ಆದರೆ ಸ್ಥಳೀಯ ತಂಡಗಳ ನಿತ್ಯದ ಬದುಕು ಅಂಥ ಮೈದಾನಗಳಲ್ಲಿ ನಡೆಯುವುದಿಲ್ಲ. ಐವತ್ತು ಮಂದಿ ಸೇರಿದರೆ ತುಂಬಿತೆನ್ನಬಹುದಾದ ಕೋಣೆಗಳಲ್ಲಿ ಅದು ಸಾಗುತ್ತದೆ.

ತಂಡ ಕಟ್ಟುವ ಕ್ರಮ ಹೀಗಿದೆ. ಕಾಲೇಜಿನಲ್ಲಿಯೋ ಕಚೇರಿಯಲ್ಲಿಯೋ ಪರಿಚಯವಾದ ಮೂರು-ನಾಲ್ಕು ಮಂದಿ ಸೇರುತ್ತಾರೆ. ಮನೆಯಲ್ಲಿ ಡ್ರಮ್ಸ್ ಬಾರಿಸಲು ನೆರೆಹೊರೆಯವರು ಬಿಡುವುದಿಲ್ಲವಾದ್ದರಿಂದ 'ಜಾಮ್ ರೂಮ್' ಎಂದು ಕರೆಯುವ, ಶಬ್ದ ಹೊರಹೋಗದಂತೆ ಗೋಡೆಗೆ ದಪ್ಪ ಹೊದಿಕೆ ಹಾಕಿದ ಕೋಣೆಯನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುತ್ತಾರೆ. ಬಾಡಿಗೆಯನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಆರಂಭದಲ್ಲಿ ಪ್ರಸಿದ್ಧ ತಂಡಗಳ ಹಾಡುಗಳನ್ನು ಕಲಿಯುತ್ತಾರೆ; ಇದಕ್ಕೆ 'ಕವರ್' ಎಂದು ಹೆಸರು. ಅಂತರಕಾಲೇಜು ಸ್ಪರ್ಧೆಗಳಲ್ಲಿ ನುಡಿಸಿ, ಸಣ್ಣ ವೇದಿಕೆ ಹತ್ತಿ, ಕ್ರಮೇಣ ಸ್ವಂತ ಹಾಡುಗಳನ್ನು ಸೇರಿಸುತ್ತ ಹೋಗುತ್ತಾರೆ. ಹಾಡುಗಳ ಪಟ್ಟಿಯಲ್ಲಿ ಸ್ವಂತದ್ದು ಅರ್ಧಕ್ಕಿಂತ ಹೆಚ್ಚಾಯಿತೆಂದರೆ ತಂಡಕ್ಕೆ ವಲಯದಲ್ಲಿ ಮಾನ್ಯತೆ ಬಂದಂತೆ.

ಇಲ್ಲಿ ಜನಪದ ಗಾಯನಕ್ಕೂ ಇದಕ್ಕೂ ಇರುವ ಮೂಲಭೂತ ವ್ಯತ್ಯಾಸವನ್ನು ಗಮನಿಸಬೇಕು. ಕಂಸಾಳೆಯ ಗುಡ್ಡ ಹಾಡುವುದು ಗುರುವಿನಿಂದ ಬಂದ ಕಾವ್ಯವನ್ನು. 'ಇದು ನನ್ನ ಹಾಡು' ಎಂದು ಅವನು ಹೇಳಿಕೊಳ್ಳುವುದಿಲ್ಲ. ನಗರದ ತಂಡಕ್ಕೆ ಸ್ವಂತ ರಚನೆಯೇ ಹೆಮ್ಮೆ. ಆದಕಾರಣ ಈ ಸಂಗೀತವನ್ನು 'ನಗರ ಜಾನಪದ' ಎಂದು ಸರಾಗವಾಗಿ ಕರೆದುಬಿಡುವುದು ಸರಿಯಲ್ಲ. ಹಾಡಿನ ಹುಟ್ಟು ವ್ಯಕ್ತಿನಿಷ್ಠವಾದದ್ದು. ಅದರ ಬದುಕು ಮಾತ್ರ ಸಮುದಾಯನಿಷ್ಠವಾದದ್ದು ಎಂದು ಹೇಳುವುದು ಹೆಚ್ಚು ಸೂಕ್ತ.

ಆರ್ಥಿಕ ವ್ಯವಸ್ಥೆಯಲ್ಲಿ ಸಾಮ್ಯಗಳು ಹೆಚ್ಚು. ಯಕ್ಷಗಾನದಲ್ಲಿ ಟಿಕೆಟ್ಟಿನ ಡೇರೆ ಮೇಳವೂ ಹರಕೆಯ ಬಯಲಾಟದ ಮೇಳವೂ ಇರುವಂತೆ ಇಲ್ಲಿಯೂ ಬಗೆಗಳಿವೆ. ಕೆಲವು ಕಡೆ ಬಾಗಿಲಲ್ಲಿ ಸಂಗ್ರಹವಾದ ಹಣದಲ್ಲಿ ತಂಡಕ್ಕೆ ಪಾಲು. ಕೆಲವು ಕಡೆ ನಿಗದಿತ ಸಂಭಾವನೆ. ಹೊಸಬರಿಗೆ ಒಂದು ಊಟ ಮತ್ತು ವೇದಿಕೆ ಮಾತ್ರ. ಹೋಟೆಲಿನವರ ಆದಾಯ ಬರುವುದು ಊಟ ಮತ್ತು ಪಾನೀಯದಿಂದ. ಆದ್ದರಿಂದ ಸಂಗೀತ ಅವರ ಲೆಕ್ಕದಲ್ಲಿ ಗಿರಾಕಿಯನ್ನು ಕೂರಿಸಿಕೊಳ್ಳುವ ಸಾಧನ. ಸಂಗೀತವನ್ನೇ ನಂಬಿ ಬದುಕುವವರು ಕಡಿಮೆ. ಹಗಲು ಮಾಹಿತಿ ತಂತ್ರಜ್ಞಾನದ ಕಂಪನಿಯಲ್ಲಿಯೋ ಶಾಲೆಯಲ್ಲಿಯೋ ದುಡಿದು ರಾತ್ರಿ ಅಭ್ಯಾಸಕ್ಕೆ ಬರುವವರೇ ಹೆಚ್ಚು. ಸುಗ್ಗಿ ಮುಗಿದ ಮೇಲೆ ಗುಡಿಯ ಮುಂದೆ ದೊಡ್ಡಾಟದ ತಾಲೀಮಿಗೆ ಸೇರುವ ರೈತಾಪಿ ಕಲಾವಿದರನ್ನು ಇವರು ನೆನಪಿಸುತ್ತಾರೆ.

4. ಹಿಂಬಾಲಿಸುವ ಕೇಳುಗ

ಕ್ಷೇತ್ರಕಾರ್ಯದ ಆರಂಭದಲ್ಲಿ ನನ್ನ ಗಮನವೆಲ್ಲ ವೇದಿಕೆಯ ಮೇಲೆಯೇ ಇತ್ತು. ಕೋರಮಂಗಲದ ಒಂದು ಸಣ್ಣ ಜಾಗದಲ್ಲಿ ನಡೆದ ಘಟನೆ ನನ್ನ ದೃಷ್ಟಿಯನ್ನು ಕೆಳಗೆ ಕುಳಿತವರ ಕಡೆಗೆ ತಿರುಗಿಸಿತು. ಅಂದು ಹೆಚ್ಚೆಂದರೆ ನಲವತ್ತು ಮಂದಿ ಇದ್ದರು. ಒಂದು ಹಾಡಿನ ನಡುವೆ ಪಕ್ಕದಲ್ಲಿದ್ದ ನಡುವಯಸ್ಸಿನವರೊಬ್ಬರು, "ಹೋದ ತಿಂಗಳು ಈ ಭಾಗ ಇರಲಿಲ್ಲ ಸಾರ್, ಕೊನೆಯ ಸೊಲ್ಲನ್ನೂ ಬದಲಾಯಿಸಿದ್ದಾರೆ" ಎಂದು ಮೆಲ್ಲನೆ ಹೇಳಿದರು. ಹಾಡು ಮುಗಿದ ಮೇಲೆ ವೇದಿಕೆಯಲ್ಲಿದ್ದ ಗಾಯಕ ಅವರ ಕಡೆಗೇ ನೋಡಿ, ಹೇಗಿತ್ತೆಂದು ಹುಬ್ಬಿನಲ್ಲೇ ಕೇಳಿದ.

ಪಾಠಾಂತರವೆಂಬುದು ಜಾನಪದ ಅಧ್ಯಯನದ ಅಡಿಗಲ್ಲು. ಒಂದೇ ಕಾವ್ಯವನ್ನು ಒಬ್ಬನೇ ಗಾಯಕ ಎರಡು ಸಲ ಹಾಡಿದರೆ ಎರಡು ಪಾಠಗಳಾಗುತ್ತವೆ. ಅವುಗಳ ವ್ಯತ್ಯಾಸದಲ್ಲಿ ಆ ಹೊತ್ತಿನ, ಆ ಜಾಗದ, ಆ ಜನರ ಗುರುತು ಇರುತ್ತದೆ. ಧ್ವನಿಮುದ್ರಿಕೆಯಲ್ಲಿ ಹಾಡಿಗೆ ಒಂದೇ ಪಾಠ. ವೇದಿಕೆಯಲ್ಲಿ ಅದು ತಿಂಗಳಿಂದ ತಿಂಗಳಿಗೆ ಬೆಳೆಯುತ್ತದೆ, ಸವೆಯುತ್ತದೆ, ಕೆಲವೊಮ್ಮೆ ಸತ್ತೂಹೋಗುತ್ತದೆ. ಈ ಬದಲಾವಣೆಯನ್ನು ಬಲ್ಲವರು ತಂಡವನ್ನು ಜಾಗದಿಂದ ಜಾಗಕ್ಕೆ ಹಿಂಬಾಲಿಸುವ ಕೇಳುಗರು ಮಾತ್ರ. ಭಾಗವತರ ಪದ ಎಲ್ಲಿ ಏರಿತು, ಎಲ್ಲಿ ಇಳಿಯಿತೆಂದು ರಂಗಸ್ಥಳದ ಮುಂದೆ ಕುಳಿತು ತೂಗಿ ನೋಡುವ ಕರಾವಳಿಯ ರಸಿಕರಂತೆ ಇವರೂ ಪ್ರದರ್ಶನದ ಪಾಲುದಾರರು.

ಮೇಲೆ ಹೇಳಿದ ಕೇಳುಗರ ಪರಿಚಯ ನಂತರ ಬೆಳೆಯಿತು. ಅವರು ವಿಮಾ ಕಚೇರಿಯೊಂದರ ನೌಕರರು. ತಂಡಗಳು ನೆಲಕ್ಕೆ ಅಂಟಿಸಿಕೊಳ್ಳುವ ಹಾಡುಗಳ ಪಟ್ಟಿಯ ಚೀಟಿಯನ್ನು ಪ್ರದರ್ಶನ ಮುಗಿದ ಮೇಲೆ ಕೇಳಿ ಪಡೆದು, ಹಿಂಬದಿಯಲ್ಲಿ ದಿನಾಂಕ, ಜಾಗ, ಬಂದ ಜನರ ಅಂದಾಜು ಬರೆದು ಬಿಸ್ಕತ್ತಿನ ಡಬ್ಬಿಗಳಲ್ಲಿ ಕೂಡಿಡುತ್ತಿದ್ದರು. ಒಂದು ಚೀಟಿಯ ಹಿಂದೆ ಮಳೆಯಿಂದ ವಿದ್ಯುತ್ ಹೋಗಿ ತಂಡ ಕತ್ತಲಲ್ಲಿ ಬರಿಗೊರಳಲ್ಲಿ ಹಾಡಿದ್ದನ್ನು ಬರೆದಿದ್ದರು; ಇನ್ನೊಂದರ ಹಿಂದೆ, 'ಕೊನೆಯ ಹಾಡಿಗೆ ನಾವು ಆರು ಜನ' ಎಂದಷ್ಟೇ ಇತ್ತು. ಇಂಥ ಟಿಪ್ಪಣಿಗಳನ್ನು ನಾನು ಯಾವ ಗ್ರಂಥಾಲಯದಲ್ಲೂ ಕಂಡಿಲ್ಲ.

5. ಭಾಷೆಯ ತಿರುವು

2000ರ ನಂತರದ ದಶಕದಲ್ಲಿ ಈ ವಲಯದ ಭಾಷೆ ಬದಲಾಯಿತು. ಮೈಸೂರಿನಲ್ಲಿ 'ಅಂತರಾಗ್ನಿ' ತಂಡದೊಂದಿಗೆ ಆರಂಭಿಸಿದ ರಘು ದೀಕ್ಷಿತ್ 2008ರಲ್ಲಿ ಹೊರತಂದ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ತತ್ತ್ವಪದಗಳಿಗೆ ಗಿಟಾರ್ ಮತ್ತು ಡ್ರಮ್ಸ್‌ಗಳ ಹಿಮ್ಮೇಳ ದೊರೆಯಿತು. 2010ರಲ್ಲಿ ಅವರು ಬ್ರಿಟನ್ನಿನ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ಅವರ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. ಇದಕ್ಕೆ ಪೂರ್ವಸಿದ್ಧತೆ ಇಲ್ಲದಿರಲಿಲ್ಲ. ಶರೀಫರ ಪದಗಳನ್ನು ಭಜನಾ ಮಂಡಳಿಗಳಿಂದ ಧ್ವನಿಸುರುಳಿಗೆ, ಅಲ್ಲಿಂದ ಮಹಾವೇದಿಕೆಗೆ ತಂದವರು ಸಿ. ಅಶ್ವಥ್, 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ ಅವರ 'ಕನ್ನಡವೇ ಸತ್ಯ' ಕಾರ್ಯಕ್ರಮ, ಚಲನಚಿತ್ರದ ಆಸರೆಯಿಲ್ಲದ ಕನ್ನಡ ಹಾಡಿಗೆ ಎಂಥ ಜನಸ್ತೋಮ ಸೇರಬಲ್ಲದೆಂಬುದನ್ನು ತೋರಿಸಿತ್ತು.

'ಸ್ವರಾತ್ಮ' ತಂಡದ ಪ್ರಯೋಗ ಜಾನಪದ ವಿದ್ಯಾರ್ಥಿಗೆ ಇನ್ನಷ್ಟು ಕುತೂಹಲಕರ. ಕನ್ನಡ ಮತ್ತು ಹಿಂದಿಯಲ್ಲಿ ಹಾಡುವ ಈ ತಂಡದ ಗಾಯಕ ವಾಸು ದೀಕ್ಷಿತ್, ನಮ್ಮ ಕೀಲುಕುದುರೆಯನ್ನು ಹೋಲುವ ಕುದುರೆಯ ವೇಷವನ್ನು ಸೊಂಟಕ್ಕೆ ಕಟ್ಟಿಕೊಂಡು ವೇದಿಕೆಯಲ್ಲಿ ಕುಣಿಯುತ್ತಿದ್ದರು. ಮೆರವಣಿಗೆಯ ಕಲೆಯೊಂದು ವಿದ್ಯುತ್ ಗಿಟಾರಿನ ಪಕ್ಕದಲ್ಲಿ ಬಂದು ನಿಂತಿತು. 'ಅಗಂ' ತಂಡ ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್ ಶೈಲಿಗೆ ಹೊಂದಿಸಿತು. 'ಪರ್ವಾಜ್' ಉರ್ದು ಮತ್ತು ಕಾಶ್ಮೀರಿಯಲ್ಲಿ ಹಾಡಿತು. ನಂತರ ಬಂದ ಕನ್ನಡ ರ‍್ಯಾಪ್ ಗಾಯಕರು ತಮ್ಮ ಬಡಾವಣೆಯ ಆಡುಮಾತನ್ನೇ ಪ್ರಾಸಕ್ಕೆ ಕಟ್ಟಿದರು. ಸವಾಲ್-ಜವಾಬಿನ ಗೀಗೀಪದ, ಹರದೇಶಿ-ನಾಗೇಶಿಗಳ ವಾಗ್ವಾದ ಬಲ್ಲವರಿಗೆ ಈ ರ‍್ಯಾಪ್ ಸ್ಪರ್ಧೆಗಳ ಸೊಗಸು ಹೊಸದೆನಿಸದು.

ಆದರೆ ಒಂದು ಎಚ್ಚರಿಕೆ ಅಗತ್ಯ. ಶರೀಫರ ಪದ ನಗರದ ವೇದಿಕೆಯೇರಿದಾಗ ಅದನ್ನು ಒಂದು ಶತಮಾನಕ್ಕೂ ಹೆಚ್ಚು ಕಾಲ ಬಾಯಿಂದ ಬಾಯಿಗೆ ಕಾಪಾಡಿದ ಧಾರವಾಡ-ಹಾವೇರಿ ಸೀಮೆಯ ಭಜನಾ ಗಾಯಕರ ಹೆಸರು ಯಾವ ಭಿತ್ತಿಪತ್ರದಲ್ಲಿಯೂ ಕಾಣುವುದಿಲ್ಲ. ಹಾಡು ಯಾರ ಸೊತ್ತೂ ಅಲ್ಲವೆಂಬುದು ತತ್ತ್ವಪದಕಾರರದೇ ನಿಲುವು, ನಿಜ. ಆದರೂ ಯಾವ ಊರಿನ ಯಾವ ಮಂಡಳಿಯಿಂದ ಈ ಮಟ್ಟು ಕಲಿತೆವೆಂದು ವೇದಿಕೆಯಲ್ಲಿ ಒಂದು ಮಾತು ಹೇಳುವುದು ಕಷ್ಟವಲ್ಲ. ಕಂಸಾಳೆಯ ಗುಡ್ಡರು ಹಾಡುವ ಮೊದಲು ಗುರುವನ್ನು ನೆನೆಯುವುದು ಇದೇ ಕಾರಣಕ್ಕೆ.

6. ಜಾಗ ಮತ್ತು ಕಾನೂನು

ಸ್ವತಂತ್ರ ಸಂಗೀತದ ಏಳುಬೀಳುಗಳನ್ನು ಕಲಾವಿದರ ಪ್ರತಿಭೆಗಿಂತ ಹೆಚ್ಚಾಗಿ ನಿರ್ಧರಿಸಿದ್ದು ಜಾಗದ ಪ್ರಶ್ನೆ. ಇಲ್ಲಿ ಒಂದು ಪದದ ಚರಿತ್ರೆಯನ್ನು ಹೇಳಬೇಕಾಗುತ್ತದೆ. ಕನ್ನಡ ಪತ್ರಿಕೆಗಳಲ್ಲಿ 'ಲೈವ್ ಬ್ಯಾಂಡ್' ಎಂಬ ಮಾತಿಗೆ ಬಹುಕಾಲ ಇದ್ದ ಅರ್ಥ, ಹೆಣ್ಣುಮಕ್ಕಳನ್ನು ವೇದಿಕೆಯಲ್ಲಿ ನಿಲ್ಲಿಸಿ ಕುಣಿಸುವ ಮದ್ಯದಂಗಡಿ ಎಂದು. ಅವುಗಳ ಮೇಲಿನ ಪೊಲೀಸ್ ದಾಳಿಯ ಸುದ್ದಿ ಓದಿದವರಿಗೆ ಈ ಪದದ ಇನ್ನೊಂದು ಅರ್ಥ, ಅಂದರೆ ಎದುರಿಗೆ ನಿಂತು ನುಡಿಸುವ ವಾದ್ಯತಂಡ ಎಂಬುದು, ಹೊಳೆಯುತ್ತಲೇ ಇರಲಿಲ್ಲ.

ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ವಿಧಿಸುವ 2005ರ ಬೆಂಗಳೂರು ನಗರ ಆದೇಶ, ಕರ್ನಾಟಕ ಪೊಲೀಸ್ ಕಾಯ್ದೆ 1963ರ ಅಡಿಯಲ್ಲಿ ಹೊರಟಿತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋಥೆಕ್ ಇವೆಲ್ಲವೂ ಅದರ ವ್ಯಾಪ್ತಿಗೆ ಸೇರಿದವು. ಆದೇಶವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಆ ವರ್ಷ ಪೊಲೀಸರು ಪರವಾನಗಿ ಕೇಳತೊಡಗಿದಾಗ, ಕುಣಿತದ ಸುಳಿವೇ ಇಲ್ಲದ, ಒಬ್ಬ ಹುಡುಗ ಗಿಟಾರ್ ಹಿಡಿದು ಹಾಡುವ ಜಾಗಗಳೂ ಸಂಗೀತವನ್ನು ನಿಲ್ಲಿಸಬೇಕಾಯಿತು. ಒಂದೇ ಪದ ಎರಡು ಲೋಕಗಳನ್ನು ಒಟ್ಟಿಗೆ ಕಟ್ಟಿಹಾಕಿತು.

ಇನ್ನೊಂದು ಬದಿಯ ವಾದವನ್ನೂ ಗೌರವದಿಂದ ಕೇಳಬೇಕು. ಇಂದಿರಾನಗರದಂಥ ವಸತಿ ಬಡಾವಣೆಗಳಲ್ಲಿ ಮನೆಗಳ ನಡುವೆಯೇ ಇಂಥ ಜಾಗಗಳು ತಲೆಯೆತ್ತಿದವು. ರಾತ್ರಿ ನಿದ್ದೆಗೆಟ್ಟ ವೃದ್ಧರ, ಪರೀಕ್ಷೆಗೆ ಓದುವ ಮಕ್ಕಳ ದೂರು ಸುಳ್ಳಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕವನ್ನು ನಿರ್ಬಂಧಿಸಿರುವುದು ಇಂಥವರ ರಕ್ಷಣೆಗಾಗಿಯೇ. ಈ ನಿಯಮದ ಬಿಸಿ ನಗರದ ತಂಡಗಳಿಗೆ ಮಾತ್ರ ತಟ್ಟಿಲ್ಲ. 2022ರಲ್ಲಿ ಕಟೀಲಿನ ಮೇಳಗಳು ಇಡೀ ರಾತ್ರಿಯ ಆಟವನ್ನು ಕಾಲಮಿತಿಗೆ ಇಳಿಸಿದಾಗ ಕರಾವಳಿಯುದ್ದಕ್ಕೂ ಚರ್ಚೆ ಎದ್ದಿತು. ಆಗ ನಾಡಿನ ವಿದ್ವಾಂಸರು ಪರಂಪರೆಯ ಪರವಾಗಿ ಮಾತನಾಡಿದರು. ಕೋಣೆಯೊಳಗೆ ನುಡಿಸುವ ನಗರದ ಹುಡುಗರ ಪರವಾಗಿ ಮಾತನಾಡಲು ಅಂಥ ವಿದ್ವಾಂಸರು ಇರಲಿಲ್ಲ.

ಇಂದಿರಾನಗರದಲ್ಲಿ 2013ರಲ್ಲಿ ತೆರೆದ 'ದಿ ಹಮ್ಮಿಂಗ್ ಟ್ರೀ' ಹೊಸ ತಂಡಗಳಿಗೆ ಮುಖ್ಯ ವೇದಿಕೆಯಾಗಿ ಬೆಳೆದು 2019ರಲ್ಲಿ ಮುಚ್ಚಿತು. ಮರುವರ್ಷ ಮಾರ್ಚ್‌ನಲ್ಲಿ ಕೊರೋನಾ ದಿಗ್ಬಂಧನ ಬಂದು ಉಳಿದ ಬಾಗಿಲುಗಳನ್ನೂ ಮುಚ್ಚಿಸಿತು. ಪ್ರದರ್ಶನಗಳು ಮತ್ತೆ ಆರಂಭವಾದವು ನಿಜ. ಆದರೆ ಒಂದು ಜಾಗ ಮುಚ್ಚಿದಾಗ ಅಲ್ಲಿನ ಧ್ವನಿ ನಿರ್ವಾಹಕ, ಗುರುವಾರದ ಗುಂಪು, ಹೊಸಬರಿಗೆ ಅರ್ಧ ಗಂಟೆ ಬಿಟ್ಟುಕೊಡುವ ಪದ್ಧತಿ, ಇವು ಹೊಸ ಜಾಗಕ್ಕೆ ತಾವಾಗಿ ನಡೆದುಕೊಂಡು ಹೋಗುವುದಿಲ್ಲ. ಮರ ಕಡಿದ ಮೇಲೆ ಸಸಿ ನೆಡಬಹುದು. ಹಕ್ಕಿಗಳು ಬರಲು ಕಾಲ ಬೇಕು.

7. ದಾಖಲಾತಿ ಮತ್ತು ಉಪಸಂಹಾರ

ಈ ಸಂಗೀತವೆಲ್ಲ ಗಣಕಯಂತ್ರದಲ್ಲಿ ಉಳಿದಿದೆಯಲ್ಲ, ಪ್ರತ್ಯೇಕ ದಾಖಲಾತಿ ಏಕೆ ಎಂದು ಕೇಳುವವರಿದ್ದಾರೆ. ಸ್ವತಂತ್ರ ತಂಡಗಳು ಒಂದು ಕಾಲದಲ್ಲಿ ತಮ್ಮ ಹಾಡುಗಳನ್ನು ಇರಿಸುತ್ತಿದ್ದ 'ಮೈಸ್ಪೇಸ್' ತಾಣದಲ್ಲಿ, 2015ಕ್ಕಿಂತ ಹಿಂದೆ ಸೇರಿಸಿದ್ದ ಧ್ವನಿಮುದ್ರಣಗಳು ಸ್ಥಳಾಂತರದ ವೇಳೆ ನಾಶವಾದವೆಂದು 2019ರಲ್ಲಿ ಜಗತ್ತಿಗೆ ತಿಳಿಯಿತು. ಓಲೆಗರಿ ಮುನ್ನೂರು ವರ್ಷ ಬಾಳುತ್ತದೆ; ಈ ಹಾಡುಗಳು ಅದರ ಒಂದಂಶದಷ್ಟು ಕಾಲವೂ ಬಾಳಲಿಲ್ಲ.

ಈ ಹಿನ್ನೆಲೆಯಲ್ಲಿ ಕೆಲವು ಕಾರ್ಯಗಳನ್ನು ತುರ್ತಾಗಿ ಕೈಗೊಳ್ಳಬೇಕಿದೆ. ಮೊದಲನೆಯದಾಗಿ, 1970ರ ದಶಕದಿಂದ ಈಚೆಗೆ ನುಡಿಸಿದವರ, ಧ್ವನಿ ನಿರ್ವಾಹಕರ, ಜಾಗ ನಡೆಸಿದವರ ಮತ್ತು ಮುಖ್ಯವಾಗಿ ಕೇಳುಗರ ಮೌಖಿಕ ಚರಿತ್ರೆಯನ್ನು ಸಂಗ್ರಹಿಸಬೇಕು. ಎರಡನೆಯದಾಗಿ, ಭಿತ್ತಿಪತ್ರ, ಹಾಡುಗಳ ಚೀಟಿ, ಟಿಕೆಟ್ಟು, ಛಾಯಾಚಿತ್ರಗಳನ್ನು ತಾಳಮದ್ದಳೆಯ ಪ್ರಸಂಗ ಪ್ರತಿಗಳಷ್ಟೇ ಕಾಳಜಿಯಿಂದ ಕಾಪಿಡಬೇಕು. ಮೂರನೆಯದಾಗಿ, ಒಂದೇ ಹಾಡಿನ ಬೇರೆ ಬೇರೆ ಪ್ರದರ್ಶನ ಪಾಠಗಳನ್ನು ಧ್ವನಿಮುದ್ರಿಸಬೇಕು. ನಾಲ್ಕನೆಯದಾಗಿ, ಪರವಾನಗಿ ನಿಯಮಗಳಲ್ಲಿ ವಾದ್ಯಸಂಗೀತವನ್ನೂ ಇತರ ಮನರಂಜನೆಯನ್ನೂ ಬೇರ್ಪಡಿಸುವ ಸ್ಪಷ್ಟ ಪದಗಳನ್ನು ರೂಪಿಸಲು ಭಾಷಾ ವಿದ್ವಾಂಸರು ಸರ್ಕಾರಕ್ಕೆ ನೆರವಾಗಬೇಕು. ಶರೀಫರ ಶಿಶುನಾಳವಿರುವ ಶಿಗ್ಗಾಂವಿ ತಾಲ್ಲೂಕಿನಲ್ಲಿಯೇ, ಗೊಟಗೋಡಿಯಲ್ಲಿ, ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಶರೀಫರ ಪದ ಭಜನಾ ಮಂಡಳಿಯಿಂದ ಬೆಂಗಳೂರಿನ ವೇದಿಕೆಗೆ ಬಂದ ದಾರಿಯನ್ನು ಎರಡೂ ತುದಿಯಿಂದ ಅಧ್ಯಯನ ಮಾಡಲು ಅದಕ್ಕಿಂತ ಸೂಕ್ತ ಸಂಸ್ಥೆ ಬೇರೊಂದಿಲ್ಲ.

ಒಟ್ಟಾರೆಯಾಗಿ ಹೇಳುವುದಾದರೆ, ಪರಂಪರೆ ಹಳೆಯದಾದ ಮೇಲೆ ಅದನ್ನು ಸಂಗ್ರಹಿಸಲು ಹೊರಡುವುದು ನಮ್ಮ ಅಭ್ಯಾಸವಾಗಿದೆ. ಆಗ ಹಾಡಿದವರು ತೀರಿಕೊಂಡಿರುತ್ತಾರೆ, ಕೇಳಿದವರು ಮರೆತಿರುತ್ತಾರೆ. ವಿಮಾ ಕಚೇರಿಯ ಆ ಮಿತ್ರರು ದಿಗ್ಬಂಧನದ ಮರುವರ್ಷ ಮನೆ ಬದಲಾಯಿಸಿದರು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಎರಡು ಡಬ್ಬಿಗಳು ಗುಜರಿಗೆ ಹೋದವೆಂದು ಅವರು ತಿಳಿಸಿದಾಗ, ಆ ಚೀಟಿಗಳ ಪ್ರತಿ ತೆಗೆದಿಟ್ಟುಕೊಳ್ಳಲು ನನಗೆ ಎರಡು ವರ್ಷಗಳ ಅವಕಾಶವಿತ್ತೆಂಬುದು ನೆನಪಾಯಿತು. ಕಾವ್ಯ ಹಾಡುವ ಮುದುಕರೊಬ್ಬರ ಮನೆಯಾಗಿದ್ದರೆ ನಾನು ಅಷ್ಟು ತಡಮಾಡುತ್ತಿರಲಿಲ್ಲ. ಉಳಿದ ಒಂದು ಡಬ್ಬಿಯಲ್ಲಿ 112 ಚೀಟಿಗಳಿವೆ. ಅವುಗಳ ಪ್ರತಿ ತೆಗೆಯುವ ಕೆಲಸ ಈಗ ನಡೆದಿದೆ.